ಗಜನಿ ಬಾಗಿಲ ತಗಡಿಗೆ ನೀರು ಎಷ್ಟು ದೂಡ್ತದೆ? ಲೆಕ್ಕ ಹೊಂದ್ತಾ ಇಲ್ಲ

ಗಜನಿ_ಹೈದ (ಕುಮಟಾ):
ತಲೆ ಕೆಟ್ಟು ಹೋಗಿದೆ. ನಮ್ಮ ಗಜನಿ, ಅಂದ್ರೆ ಹೊಳೆಯ ಉಪ್ಪುನೀರು ಏರಿಳಿಯೂ ತಗ್ಗು ಜಾಗ, ಅಲ್ಲಿನ ಸಿಗಡಿ ಕೆರೆ ಬಾಗಿಲಿಗೆ ಹಲಗೆ ತೆಗೆದು ಉಕ್ಕಿನ ತಗಡು ಕೂರಿಸ್ಬೇಕು. ಅಗಲ 1.2 ಮೀಟರ್, ಎತ್ತರ 1.5. ಒತ್ತಡ ಗುಣಿಸು ವಿಸ್ತೀರ್ಣ ಹಾಕಿದ್ರೆ 27 ಕಿಲೋನ್ಯೂಟನ್ ಬರ್ತದೆ. ಅಕ್ಕನ ಮಗಳು ಇಂಜಿನಿಯರಿಂಗ್ ಓದ್ತಾಳೆ, ಇಂಟಿಗ್ರೇಷನ್ ಮಾಡಿ 13.6 ಅಂತಾಳೆ. ಯಾವುದು ನಂಬೂದು? ಬಾಗಿಲು ಎತ್ತಿಳಿಸೂ ಹಳೇ ಸ್ಕ್ರೂ ರಾಡ್ ಬಗ್ಗಿ ಬಿಲ್ಲಾಗಿ ಕೂತಿದೆ. ಅಮಾಸೆ ಹತ್ರ ಬಂತು, ಬೇಗ ಹೇಳಿ.

ಕಾಳಿ_ದಂಡೆ (ಕಾರವಾರ):
ಸಾಂದ್ರತೆ 1000 ಹಾಕಿದ್ರಾ, 1025 ಹಾಕಿದ್ರಾ? ಉಪ್ಪುನೀರು ಮಾರಾಯ್ರೆ, ಅಲ್ಲೇ ಇರ್ಬೇಕು ತಪ್ಪು.

ಗಜನಿ_ಹೈದ:
1025 ಹಾಕಿದ್ದೇ.

ಕಾಳಿ_ದಂಡೆ:
ಮಳೆಗಾಲದಲ್ಲಿ ಅಘನಾಶಿನಿ ತುಂಬ ಸಿಹಿನೀರೇ. ಹೈಡ್ರೋಮೀಟರ್ ಹಾಕಿ ನೋಡಿ, ಆಮೇಲೆ ಮಾತಾಡುವ.

ಶಿರಸಿ_ಲೇತ್:
ಉಪ್ಪಿಂದ ಆಗೂದು ನೂರಕ್ಕೆ ಎರಡೂವರೆ ವ್ಯತ್ಯಾಸ. ಇಲ್ಲಿ ಉತ್ತರ ಸಮಾ ಎರಡರಷ್ಟಾಗಿದೆ! ತಳದ ಒತ್ತಡವನ್ನ ಇಡೀ ತಗಡಿಗೆ ಬಳಿದಿದ್ದೀರಿ. ನೀರು ಮೇಲಂಚಿಗೆ ಸಮ ಇದ್ರೆ ಅಲ್ಲಿ ಒತ್ತಡ ಸೊನ್ನೆ, ತಳದಲ್ಲಿ ಪೂರ್ತಿ. ತಗಡಿನ ನಡುವಿನ ಆಳ 0.75 ಹಿಡೀರಿ: 1025 × 9.81 × 0.75 × 1.8. ಹುಡುಗಿ ಸರಿಯಾಗೇ ಹೇಳಿದ್ದಾಳೆ.

ಹೊನ್ನಾವರ_ಬೋಟ್:
ಹೊರಗೆ ಇಡೀ ಅರಬ್ಬೀ ಸಮುದ್ರ ಉಂಟಲ್ಲ, ಅದಕ್ಕೆ ಲೆಕ್ಕ ಇಲ್ವಾ?

ಶಿರಸಿ_ಲೇತ್:
ಇಲ್ಲ. ಬಾವಿಯಾದ್ರೂ ಸಮುದ್ರವಾದ್ರೂ ಆಳ ಒಂದೇ ಇದ್ರೆ ಬಲವೂ ಒಂದೇ.

ಹೊನ್ನಾವರ_ಬೋಟ್:
ಅಲೆ ಹೊಡೆಯೂದು ನೀವು ಕಂಡಿಲ್ಲ, ಘಟ್ಟದ ಮೇಲಿನವ್ರು.

ಕಾಳಿ_ದಂಡೆ:
ಸೂಪಾ ಅಣೆಕಟ್ಟು 101 ಮೀಟರ್, ಅಲ್ಲೂ ಇದೇ ಸೂತ್ರ. ಆದ್ರೂ ಸಾಂದ್ರತೆ ಅಳೀಬೇಕು ಅಂತ ನನ್ನ ಮಾತು.

ಅಘನಾಶಿನಿ_ಅಕ್ಕ:
ತಮ್ಮಾ, ಭರತ (ಉಬ್ಬರ) ಬಂದಾಗ ನೀರು ತಗಡಿನ ತಲೆ ದಾಟ್ತದಾ? ಒಳಗೆ ಕೆರೇಲಿ ಎಷ್ಟಿರ್ತದೆ?

ಗಜನಿ_ಹೈದ:
ದಾಟ್ದೇ ಇರ್ತದಾ ಅಕ್ಕ? ಹುಣ್ಣಿಮೆ ಅಮಾಸೆಗೆ ಅರ್ಧ ಮೀಟರ್ ಮೇಲೇ. ಒಳಗೆ ತಳದಿಂದ 90 ಸೆಂಟಿಮೀಟರ್ ಇಟ್ಕೊಂಡಿರ್ತೇನೆ. ಗಜನಿ ಅಂದ್ಮೇಲೆ ಇದು ಗೊತ್ತಿದ್ದದ್ದೇ ಅಲ್ವಾ.

ಅಘನಾಶಿನಿ_ಅಕ್ಕ:
ಶಿರಸಿಯವ್ರಿಗೆ ಹೇಗೆ ಗೊತ್ತಾಗ್ಬೇಕು! ಹಾಗಿದ್ರೆ 13.6 ಕೂಡ ನಿಮಗೆ ಹೊಂದೂದಿಲ್ಲ. ಹೊರಗಿನಿಂದ ನಡುವಿನ ಆಳ 1.25, ಬಲ 22.6 ಕಿಲೋನ್ಯೂಟನ್. ಒಳಗಿನ ನೀರು ಎದುರು ದೂಡೂದು 4.9. ಕಳೆದ್ರೆ 17.7, ಅಂದ್ರೆ ಹತ್ರತ್ರ 1800 ಕೆಜಿ ಭಾರದಷ್ಟು. ಅದು ತಗಡಿನ ನಡುವಲ್ಲಿ ಅಲ್ಲ, ಸ್ವಲ್ಪ ಕೆಳಗೆ, ತಳದಿಂದ 68 ಸೆಂಟಿಮೀಟರಲ್ಲಿ ಕೂರ್ತದೆ. ಅಡ್ಡಪಟ್ಟಿ ವೆಲ್ಡ್ ಮಾಡಿಸೂದಿದ್ರೆ ಕೆಳಗೇ ಒತ್ತಾಗಿ ಹಾಕ್ಸಿ. ಇಳಿತದಲ್ಲಿ ಹೊರಗೆ ನೀರೇ ಇಲ್ದಿದ್ರೆ ದೂಡು ತಿರುಗ್ತದೆ, ಆ 4.9 ಮಾತ್ರ, ಹೊರಕ್ಕೆ.
ಇದೆಲ್ಲ ತಗಡಿಗೆ. ರಾಡಿಗೆ ಬರೂದು ಬೇರೆ: ಚೌಕಟ್ಟಿನ ಸೀಳಿನಲ್ಲಿ ತಗಡು ಉಜ್ಜೂ ಘರ್ಷಣೆ. ಘರ್ಷಣಾಂಕ 0.4 ಹಿಡಿದ್ರೂ 700 ಕೆಜಿ ದಾಟ್ತದೆ. ಎತ್ತುವಾಗ ತಗಡಿನ ಭಾರವೂ ಸೇರ್ತದೆ. ಆದ್ರೆ ಎಳೆದ ರಾಡ್ ಬಿಲ್ಲಾಗೂದಿಲ್ಲ, ಒತ್ತಿದ ರಾಡ್ ಆಗ್ತದೆ. ಭರತ ಏರಿದ ಮೇಲೆ ಬಾಗಿಲು ಕೆಳಗೆ ಒತ್ತಿದ್ರಾ?

ಗಜನಿ_ಹೈದ:
ಮುಚ್ಚೂದು ಆಳು. ಕೇಳ್ಬೇಕು.

ಶಿರಸಿ_ಲೇತ್:
ಹಾಗಾದ್ರೆ ದಪ್ಪ ರಾಡ್, ನಡುವೆ ಅದು ಬಗ್ಗದ ಹಾಗೆ ಹಿಡಿಯೂ ಒಂದು ಗೈಡ್ ಬುಷ್. ನನ್ನ ಲೇತಲ್ಲಿ ಎರಡು ಮೀಟರ್ ರಾಡ್ ಒಂದೇ ಸಲಕ್ಕೆ ಚೌಕ ಥ್ರೆಡ್ ಬೀಳ್ತದೆ. ಹಳೇ ಬೆಡ್ಡು, ಈಗಿನ ಮಷೀನಲ್ಲಿ ಆ ತೂಕ ಎಲ್ಲಿ? ಫೋಟೋ ಹಾಕ್ತೇನೆ.

ಕಾಳಿ_ದಂಡೆ:
ಸ್ಟೇನ್‌ಲೆಸ್ ತಗೊಳ್ಳಿ. ಉಪ್ಪಿನ ವಿಷಯ ನಾನು ಮೊದ್ಲೇ ಹೇಳಿದ್ದೆ.

ಹೊನ್ನಾವರ_ಬೋಟ್:
ಲೇತಿನವ್ರೇ, ಬೋಟಿನ ಪ್ರೊಪೆಲ್ಲರ್ ಶಾಫ್ಟ್ ಸವೆದಿದೆ. ತಂದ್ರೆ ಮಾಡ್ಕೊಡ್ತೀರಾ? ಎಷ್ಟಾಗ್ಬಹುದು?