ಸಹಾಯ ಬೇಕು: ಅಪ್ಪಯ್ಯನ ಸೊಂಟ, ಕಾಲಿನ ನರದ ನೋವು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಅಪ್ಪಯ್ಯನಿಗೆ ಸೊಂಟದಿಂದ ಶುರುವಾಗಿ ಎಡ ತೊಡೆಯ ಹಿಂದೆ ಇಳಿದು ಕಾಲಿನ ಹೆಬ್ಬೆರಳಿನ ತನಕ ಸೆಳೆತ, ಕೆಮ್ಮಿದರೆ ಸಾಕು, ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಎಂಆರ್‌ಐನಲ್ಲಿ ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ (ಮೆತ್ತೆ) ಉಬ್ಬಿ ನರ ಒತ್ತುತ್ತಿದೆ ಅಂತ ಬಂದಿದೆ. ಪ್ರಿಗಾಬಲಿನ್ ಮಾತ್ರೆಯಿಂದ ನೋವು ಸ್ವಲ್ಪ ಕಡಿಮೆ, ಆದರೆ ತಲೆ ತಿರುಗುತ್ತದೆ, ಅವರು ತೋಟದ ಸಂಕ (ಕಾಲುಸೇತುವೆ) ದಾಟುವಾಗ ನನಗೇ ಜೀವ ಬಾಯಿಗೆ ಬರುತ್ತದೆ. ಮಾತ್ರೆ ಸುಮ್ನೆ ನಿಲ್ಲಿಸುವ ಹಾಗೂ ಇಲ್ಲ, ನಿಧಾನಕ್ಕೆ ಇಳಿಸಬೇಕಂತೆ. ಮೂತ್ರ ಕಟ್ಟಿದರೆ, ಪಾದ ಎತ್ತಲಾಗದಿದ್ದರೆ ತಕ್ಷಣ ಬನ್ನಿ ಅಂತ ಡಾಕ್ಟರ್ ಅಂದಿದ್ದಾರೆ. ಸದ್ಯ ಅದೇನಿಲ್ಲ. ಬೆನ್ನು ತುಳಿಸೋಣ ಅಂತಾರೆ ಚಿಕ್ಕಪ್ಪ, ನಾನಂತೂ ಒಪ್ಪಿಲ್ಲ.

ಶಿವಮೊಗ್ಗದಲ್ಲಿ ಒಳ್ಳೆ ಫಿಸಿಯೋಥೆರಪಿ ಎಲ್ಲಿದೆ? ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಮಾಡಿಸಿಕೊಂಡವರು ಇದ್ದರೆ ಎಷ್ಟು ದಿನ ಆರಾಮಿತ್ತು, ಖರ್ಚೆಷ್ಟಾಯ್ತು ಹೇಳಿ. ಅಡಿಕೆ ಗೊನೆ ಕೊಯ್ಲು ಹತ್ತಿರ ಬಂತು, ಅವರನ್ನು ಮನೆಯಲ್ಲಿ ಕೂರಿಸುವುದೇ ಕಷ್ಟ.