ಕಡ್ಲಿಬ್ಯಾಳಿ, ಎಮ್ಮಿ ಹಾಲು, ಶೇಂಗಾ ಹಿಂಡಿ: ಜಿಡ್ಡು ಹೋಲಿಸೋದು ಹೆಂಗ?

ಹುಬ್ಬಳ್ಳಿ ಮೆಸ್: ಹಾಸ್ಟೆಲ್ ಊಟಕ್ಕ ಜಿಡ್ಡಿನ ಪಟ್ಟಿ ಮಾಡಬೇಕಾಗೇದ. 100 ಗ್ರಾಂ ಲೆಕ್ಕದಾಗ ಜೋಳದ ಹಿಟ್ಟು 2ರ ಆಸುಪಾಸು, ಕಡ್ಲಿಬ್ಯಾಳಿ 5, ಎಮ್ಮಿ ಹಾಲು 6.5, ಶೇಂಗಾ 40. ಹಂಗಾದ್ರ ಬ್ಯಾಳಿ, ಹಾಲು ಒಂದ ಮಟ್ಟ ಅಂತ ಹಿಡೀಬೇಕೇನ್ರಿ? ಶೇಂಗಾ ಹಿಂಡಿ (ಚಟ್ನಿ ಪುಡಿ) ತಗದುಬಿಡೋದಾ? ಮಿರ್ಚಿ ಭಜಿ ಲೆಕ್ಕ ಹೆಂಗ?

ಧಾರವಾಡ ತಕ್ಕಡಿ: 100 ಗ್ರಾಂ ಅಂಕಿ ಅಂಗಡಿಯಾಗ ಎರಡು ಪ್ಯಾಕೆಟ್ ಹೋಲಿಸಾಕ ಸರಿ, ತಾಟಿಗೆ ಅಲ್ಲ. ಒಬ್ಬರ ಪಾಲಿಗೆ ಒಣ ಬ್ಯಾಳಿ 30 ಗ್ರಾಂ, ಜಿಡ್ಡು 1.5 ಗ್ರಾಂ. ಹಾಲು ಒಂದು ಲೋಟ, 200 ಮಿಲಿ ಅಂದ್ರ 13 ಗ್ರಾಂ. ಅಂಕಿ ಹತ್ತಿರ ಇದ್ರೂ ತಾಟಿನ್ಯಾಗ ಎಂಟು ಪಟ್ಟಿಗಿಂತ ಜಾಸ್ತಿ ಫರಕು. ಹಾಲಿನ ತುಂಬ ನೀರು ಇರೋದಕ್ಕ ಅಂಕಿ ಸಣ್ಣದು ಕಾಣ್ತದ. ಅದ ಹಾಲು 5 ಲೀಟರ್ ಕಾಸಿ ಇಳಿಸಿದ್ರ ಖೋವಾ ಸುಮಾರು 1 ಕೆಜಿ, 100 ಗ್ರಾಂಗೆ ಜಿಡ್ಡು 30ರ ಮ್ಯಾಲೆ ಹೋಗ್ತದ. ಹೊಸ ಜಿಡ್ಡು ಬಂದಿಲ್ಲ, ನೀರು ಹೋತು ಅಷ್ಟ. ಪೇಡೆಕ್ಕ ಸಕ್ಕರಿ ಬಿದ್ದ ಮ್ಯಾಲೆ ಮತ್ತ ಇಳೀತದ. ಹಿಂಗಾಗಿ ಒಣ ಬ್ಯಾಳಿ, ಬೇಯಿಸಿದ ಬ್ಯಾಳಿ ಒಂದ ಸಾಲಿನ್ಯಾಗ ಬರೀಬ್ಯಾಡ್ರಿ.

ಶೇಂಗಾ ಹಿಂಡಿ 10 ಗ್ರಾಂ ಬಡಿಸಿದ್ರ ಜಿಡ್ಡು 4ರ ಒಳಗ. ಎಣ್ಣೆಗಾಯಿಯೊಳಗ ಒಬ್ಬರ ಪಾಲಿಗೆ 15 ಮಿಲಿ ಎಣ್ಣಿ ಬಿದ್ರ 13–14 ಗ್ರಾಂ. ಕಡಿಮಿ ಮಾಡೋದಿದ್ರ ಅಲ್ಲೆ ಕೈ ಹಾಕ್ರಿ, ಹಿಂಡಿ ಇರಲಿ.

ಗದಗ ಒಲಿ: ಮಿರ್ಚಿಗೆ ತಕ್ಕಡಿನ ಬೇಕು. ಕಡಾಯಿ ಎಣ್ಣಿ ಸಮೇತ ತೂಗಿ ಬರಕೊಳ್ರಿ. 20 ಮಿರ್ಚಿ ಕರದು, ಎಣ್ಣಿ ತಣ್ಣಗಾದ ಮ್ಯಾಲೆ ಉದುರಿದ ಹಿಟ್ಟು ತಗದು ಮತ್ತ ತೂಗ್ರಿ. ಸೋರಿಸಿದ ಕಾಗದಾನೂ ಮೊದಲೊಮ್ಮೆ, ಆಮ್ಯಾಲೊಮ್ಮೆ ತೂಗಬೇಕು. ಕಡಾಯಿಯಾಗ ಕಡಿಮಿಯಾದ ತೂಕದಾಗ ಕಾಗದ ಹೀರಿದ್ದು ಕಳದು 20ರಿಂದ ಭಾಗಿಸ್ರಿ. ಮಿಲಿ ಲೆಕ್ಕ ಬ್ಯಾಡ, ಕಾದ ಎಣ್ಣಿ ಹಿಗ್ಗಿರ್ತದ.

ಸೋಡಾ ಹೆಚ್ಚಾದ್ರ ಹಿಟ್ಟಿನ್ಯಾಗ ತೂತು ಜಾಸ್ತಿ, ಎಣ್ಣಿನೂ ಜಾಸ್ತಿ ಕುಡೀತದ. ಇನ್ನೊಂದು, ಬಹಳಷ್ಟು ಎಣ್ಣಿ ಒಳಗ ಹೋಗೋದು ಕಡಾಯಿಯಿಂದ ಎತ್ತಿದ ಮ್ಯಾಲೆ: ಒಳಗಿನ ಉಗಿ ತಣ್ಣಗಾಗಿ ಮ್ಯಾಲಿನ ಎಣ್ಣಿ ಎಳಕೊಳ್ತದ. ಎತ್ತಿದ ಕೂಡ್ಲೆ, ಬಿಸಿ ಇದ್ದಾಗನ ಸೋರಿಸ್ರಿ. ರಾಶಿ ಹಾಕಿಟ್ಟು ಆಮ್ಯಾಲೆ ಒತ್ತಿದ್ರ ಉಪಯೋಗ ಇಲ್ಲ.

ಹಾವೇರಿ ಹೈನು: ಪಟ್ಟಿಗೆ ಸ್ಯಾಚುರೇಟೆಡ್ ಕೊಬ್ಬಿನ (ತಣ್ಣಗಾದರೆ ಗಟ್ಟಿಯಾಗುವ, ಮಿತಿಯಲ್ಲಿ ಇಡಬೇಕಾದ ಬಗೆಯ ಕೊಬ್ಬು) ಕಾಲಂ ಸೇರಿಸಿ, ಇಲ್ಲದಿದ್ದರೆ ಅರ್ಧ ಮಾಹಿತಿ. ಕೊಬ್ಬರಿ ಎಣ್ಣೆಯಲ್ಲಿ ಅದು ಶೇ. 80 ದಾಟುತ್ತದೆ, ತುಪ್ಪದಲ್ಲಿ ಶೇ. 60ರ ಆಸುಪಾಸು, ಶೇಂಗಾ ಎಣ್ಣೆಯಲ್ಲಿ 20ರೊಳಗೆ, ಕುಸುಬಿ ಎಣ್ಣೆಯಲ್ಲಿ 10ರೊಳಗೆ. ಹಾಗಂತ ಕುಸುಬಿ ಎಣ್ಣೆ ಹೆಚ್ಚು ಸುರಿಯಬೇಡಿ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕಿಲೋಕ್ಯಾಲೊರಿ. ಡಬ್ಬಿಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ, ಸಸ್ಯದ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ. ಪ್ಯಾಕೆಟ್ ಹಾಲಾದರೆ ಒಟ್ಟು ಜಿಡ್ಡು ಫುಲ್ ಕ್ರೀಮ್‌ನಲ್ಲಿ ಶೇ. 6, ಟೋನ್ಡ್‌ನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. ಫುಲ್ ಕ್ರೀಮ್ ಬದಲು ಟೋನ್ಡ್ ತಂದರೆ ಲೋಟದ ಅಳತೆ ಮುಟ್ಟದೆಯೇ ಜಿಡ್ಡು ಅರ್ಧವಾಗುತ್ತದೆ.

ಹುಬ್ಬಳ್ಳಿ ಮೆಸ್: ತತ್ತಿ?

ಧಾರವಾಡ ತಕ್ಕಡಿ: ಒಂದಕ್ಕ ಸುಮಾರು 5 ಗ್ರಾಂ, ಪೂರಾ ಹಳದಿಯಾಗ. ಬಿಳಿಗೆ ಸೊನ್ನಿ ಬರೀರಿ. ಆಮ್ಲೆಟ್ ಆದ್ರ ಹಂಚಿನ ಎಣ್ಣಿ ಬ್ಯಾರೆ ಕೂಡಸ್ರಿ.