ಅಪ್‌ಡೇಟ್: ಚಿತ್ತಾರದ ಮಾರ್ಕರ್ ಹೋಲ್ಡರ್ ಮಾರಾಟ ಆಯ್ತಾ?

ಬಿದಿರಿನ ಹೋಲ್ಡರ್ ಮಾಡಿ, ಮೇಲೆ ಹಸೆ ಚಿತ್ತಾರ (ನಮ್ಮ ಮಲೆನಾಡಿನ ಮನೆಗೋಡೆಗಳ ಮೇಲೆ ಬರೆಯುವ ಚಿತ್ರ) ಬರೆದರೆ ಪರ್ಮನೆಂಟ್ ಮಾರ್ಕರ್ ಇಡೋಕೆ ಅಂತ ಯಾರಾದರೂ ಕೊಳ್ಳುತ್ತಾರಾ ಎಂದು ಮಳೆಗಾಲದಲ್ಲಿ ಇಲ್ಲಿ ಕೇಳಿದ್ದೆ. ಸುಮ್ನೆ ಯೋಚಿಸಬೇಡ, ಹತ್ತು ಮಾಡಿ ನೋಡು ಅಂದಿದ್ದಿರಿ. 12 ಮಾಡಿದೆ. ಕೆಮ್ಮಣ್ಣಿನ ಬಣ್ಣ, ಅಕ್ಕಿ ಹಿಟ್ಟಿನ ಬಿಳಿ ಗೆರೆ. ಒಂದಕ್ಕೆ 120 ರೂಪಾಯಿ.

ಸಾಗರದ ಸಂತೆಯಲ್ಲಿ ಎರಡು ಹೋದವು. ಒಬ್ಬರು ಊದುಬತ್ತಿಗೆ ಒಯ್ದರು, ಇನ್ನೊಬ್ಬರು ಟೂತ್‌ಬ್ರಷ್‌ಗೆ. ನಗಬೇಡಿ!

ಮೂರನೆಯದನ್ನು ಎತ್ತಿ ನೋಡಿದ ಡ್ರಾಯಿಂಗ್ ಮೇಷ್ಟ್ರು ತಪ್ಪು ಹಿಡಿದರು. ತುದಿ ಮೇಲಾಗಿ ನಿಲ್ಲಿಸಿದರೆ ಶಾಯಿ ಕೆಳಗಿಳಿದು ತುದಿ ಒಣಗುತ್ತದೆ, ಅಲ್ವಾ? ಎರಡು ತುದಿಯ ಮಾರ್ಕರ್ ಆದರೆ ಮಲಗಿಸಿಯೇ ಇಡಬೇಕು. ಚಂದ ನೋಡುವ ಭರದಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ.

ಈಗ ಗಣ್ಣಿನ ಪಕ್ಕ ತೂತು ಕೊರೆದು, ಮುಚ್ಚಳವನ್ನೇ ಅದರಲ್ಲಿ ಬಿಗಿಯಾಗಿ ಕೂರಿಸುತ್ತೇನೆ. ಮಾರ್ಕರ್ ತಲೆಕೆಳಗಾಗಿ ನಿಲ್ಲುತ್ತದೆ. ಒಂದೇ ಕೈಯಲ್ಲಿ ಎಳೆದು ಬರೆದು, ಮತ್ತೆ ಒತ್ತಿದರೆ ಟಕ್ ಅಂತ ಮುಚ್ಚಿಕೊಳ್ಳುತ್ತದೆ. ಮುಚ್ಚಳ ಕಳೆದುಹೋಗುವ ಮಾತೇ ಇಲ್ಲ.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ಗೆಳೆಯನಿಗೆ ತೋರಿಸಿದೆ. ರಾಶಿ, ಬೆಟ್ಟೆ ಅಂತ ಅಡಿಕೆಯ ಬಗೆಯನ್ನು ಚೀಲದ ಮೇಲೆ ದಿನವಿಡೀ ಬರೆಯುವವನು. ಎಂಟು ಬೇಕು ಅಂದ. ಆದರೆ ಚಿತ್ತಾರ ಬೇಡವಂತೆ, ಧೂಳಿಗೆ ಹಾಳಾಗುತ್ತದಂತೆ. ಸೊಂಟಕ್ಕೆ ಸಿಕ್ಕಿಸುವ ಹಾಗೆ ದಾರ ಇದ್ದರೆ ಸಾಕಂತೆ. ಒಂದಕ್ಕೆ 60 ರೂಪಾಯಿಗೆ ಒಪ್ಪಿದೆ.

ಹೊಟ್ಟೆ ಉರಿಯಿತು, ನಿಜ. ಉಳಿದ ಹತ್ತನ್ನು ಊದುಬತ್ತಿ ಸ್ಟ್ಯಾಂಡ್ ಅಂತಲೇ ಮಾರುತ್ತಿದ್ದೇನೆ.